ಸೂತಕದ ಮನೆಯ ಪುರಾಣ

ಕಾಕುವಿನ ಬಲಗೈ ತೋರುಬೆರಳಿನ ಒಳಮಗ್ಗುಲಲ್ಲಿ ಒಂದು ಗೀರು ಇತ್ತು. ಗಾಯದ ಗೀರಲ್ಲ. ಎಷ್ಟೋ ವರ್ಷ ನೂಲು ಅದೇ ಜಾಗದಿಂದ ಹಾದು ಹಾದು, ಬಾವಿಯ ಕಲ್ಲಿನ ಮೇಲೆ ಹಗ್ಗ ಕೊರೆದಂತೆ ಚರ್ಮದಲ್ಲಿ ಕೊರೆದದ್ದು. ಸೀರೆಯ ಹೊಕ್ಕಿನ ಅಡ್ಡ ನೂಲನ್ನು ಲಾಳಿಯೊಳಗೆ ಕೂರುವ ಕಂಡಿಕೆಗೆ ಸುತ್ತಿಕೊಡುವುದು ಅವರ ಕೆಲಸ. ಒಂದು ದಿನ ಆ ಗೀರು ದಾಳಿಂಬೆ ಬಣ್ಣ, ಇನ್ನೊಂದು ದಿನ ಹಸಿರು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ರಾಟಿಯನ್ನು ಗೋಡೆಗೆ ಸರಿಸಿ, ಓದಲು ಪುರಾಣದ ಹಳೆಯ ಪುಸ್ತಕ, ಆ ಪೋಥಿ ಬಿಚ್ಚಿದರೆಂದರೆ ಅದೇ ಬೆರಳು ಸಾಲಿನ ಕೆಳಗೆ ಹರಿಯುತ್ತಿತ್ತು.

ಕಾಕು ಎಂದರೆ ಚಿಕ್ಕಪ್ಪನ ಹೆಂಡತಿ. ನನಗೆ ಅವರು ಹಾಗೇನೂ ಆಗಬೇಕಿರಲಿಲ್ಲ. ಇಳಕಲ್ಲಿನ ನೇಕಾರರ ಓಣಿಗೆ ನಾನು ಮದುವೆಯಾಗಿ ಬಂದಾಗ ನನ್ನ ಗಂಡ ಪಕ್ಕದ ಮನೆಯವರನ್ನು ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಮ್ಮ ಎರಡು ಮನೆಗಳಿಗೆ ಒಂದೇ ಗೋಡೆ. ನಾನು ಈ ಕಡೆ ರೊಟ್ಟಿ ಬಡಿದರೆ ಆ ಕಡೆ ಅವರ ದೇವರ ಜಗಲಿಯ ಮೇಲಿನ ಗಂಟೆ ಸಣ್ಣಗೆ ಅಲುಗುತ್ತಿತ್ತಂತೆ. ನಾನು ಮಾರಲು ಖಡಕ್ ರೊಟ್ಟಿ ಮಾಡುವವಳು, ಬೆಳಕು ಹರಿಯುವ ಮೊದಲೇ ಬಡಿತ ಶುರು. "ನಿನ್ನ ರೊಟ್ಟಿ ಸಪ್ಪಳಕ್ಕ ನಮ್ಮ ದೇವರು ಏಳ್ತಾನವ್ವ, ನಾ ಬ್ಯಾರೆ ಗಂಟಿ ಬಾರಸೂದ ಬ್ಯಾಡ" ಎನ್ನುತ್ತಿದ್ದರು.

ಪ್ರತಿ ಶ್ರಾವಣದಲ್ಲಿ ಅವರ ಮನೆಯಲ್ಲಿ ಪುರಾಣ ಹಚ್ಚುತ್ತಿದ್ದರು. ರಾಜ್ಯ ಕಳೆದುಕೊಂಡು ಅಡವಿ ಸೇರಿದ ಒಬ್ಬ ರಾಜ, ಅವನ ರಾಣಿ, ಇವರ ಕಥೆ. ಕಾಕುವಿನ ಮಾವನ ಕಾಲದ ಪೋಥಿ. ಓಣಿಯ ಹೆಂಗಸರು ಶೇಂಗಾಕಾಯಿ ಒಡೆಯುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುತ್ತಿದ್ದರು. ನಾನು ಮರುದಿನದ ಜೋಳ ಹಸನು ಮಾಡಲು ಮೊರ ತೆಗೆದುಕೊಂಡು ಹೋಗುತ್ತಿದ್ದೆ. ನಗುವುದಕ್ಕೇನೂ ಕಡಿಮೆ ಇರಲಿಲ್ಲ.

"ಕಾಕು, ರಾಣಿ ಅಡವ್ಯಾಗೂ ಇಳಕಲ್ ಸೀರಿನ ಉಟ್ಟಿದ್ಲೇನ್ರಿ?"

"ಉಟ್ಟಿದ್ಲು. ನಾನ ಕಂಡಿಕಿ ಸುತ್ತಿ ಕೊಟ್ಟಿದ್ದೆ. ಸುಮ್ಕ ಕುಂದರ್ತಿಯೋ ಇಲ್ಲೋ?"

ಆ ಮನೆಯ ಪುರಾಣಕ್ಕೆ ಒಂದು ಕಟ್ಟಳೆ ಇತ್ತು. ಹಚ್ಚಿದ ಪುರಾಣ ನಡುವೆ ನಿಲ್ಲಬಾರದು. ಕೊನೆಯ ದಿನ ಆರತಿ ಬೆಳಗಿ, ನಾಲ್ಕು ಮಂದಿಗೆ ಉಣಬಡಿಸಿ ಮಂಗಲ ಮಾಡುವ ತನಕ ಹಚ್ಚಿದವರು ಊರ ಸೀಮೆ ದಾಟಬಾರದು. ಕಾಕುವಿನ ಅತ್ತೆ ಹಾಗೆ ನಡೆಸಿದ್ದರು, ಕಾಕುವೂ ನಡೆಸುತ್ತಿದ್ದರು. ಯಾರಿಗೂ ಇದರಿಂದ ಏನೂ ತೊಂದರೆ ಆಗಿರಲಿಲ್ಲ, ಆ ಶ್ರಾವಣದ ತನಕ.

ಕಾಕುವಿಗೆ ಒಬ್ಬನೇ ಮಗ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಮಗ್ಗ ಬಿಟ್ಟು ಊರ ಹೊರಗಿನ ಕಲ್ಲಿನ ಕಾರ್ಖಾನೆಗೆ ಹೋಗುತ್ತಿದ್ದ. ನಮ್ಮ ಕಡೆಯ ಕೆಂಪು ಕಲ್ಲನ್ನು ಕೊಯ್ದು, ಉಜ್ಜಿ, ಮುಖ ಕಾಣುವ ಹಾಗೆ ಹೊಳಪು ಕೊಡುವ ಕೆಲಸ. ಸಂಜೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಪುಡಿಯಿಂದ ತುಂಬಿರುತ್ತಿದ್ದವು. "ಯಾವ ಜಾತ್ರ್ಯಾಗ ಭಂಡಾರ ಆಡಿ ಬಂದ್ರಿ?" ಎಂದು ಹೆಂಡತಿ ಚಾಷ್ಟಿ ಮಾಡುತ್ತಿದ್ದಳು. ಕಲಾದಗಿ ಕಡೆಯ ಹುಡುಗಿ, ಮಾತು ಚುರುಕು. ಅಂಗಳದಲ್ಲಿ ಅವನ ಅಂಗಿ ಝಾಡಿಸಿದರೆ ನಮ್ಮ ಬಾಗಿಲ ತನಕ ಧೂಳು ಬರುತ್ತಿತ್ತು.

ಆ ಧೂಳು ಅವನ ಎದೆಯಲ್ಲಿ ಕೂತಿತ್ತು. ಮೊದಲು ಕೆಮ್ಮು. ಆಮೇಲೆ ಒಂದು ಮೆಟ್ಟಿಲು ಹತ್ತಿದರೆ ನಿಲ್ಲಬೇಕು. ಆಮೇಲೆ ಊಟದ ನಡುವೆ ತುತ್ತು ಕೆಳಗಿಟ್ಟು ಉಸಿರು ಹುಡುಕಬೇಕು. ಕೆಲಸ ಬಿಟ್ಟ. ಕಾಕು ಆ ವರ್ಷ ಪುರಾಣ ಹಚ್ಚುವಾಗ ಜಗಲಿಯ ಮುಂದೆ ಹರಕೆ ಹೊತ್ತರು. ಮಂಗಲ ಆಗುವುದರೊಳಗೆ ಮಗನಿಗೆ ಉಸಿರು ತಿರುಗಿ ಬರಬೇಕು. ಪೋಥಿ ಒಂದು ಕಡೆ, ಮಗ ಒಂದು ಕಡೆ, ನಡುವೆ ಕರಾರು. ಅವರ ಓದು ಆ ವರ್ಷ ಬೇರೆಯಾಯಿತು. ಮೊದಲಿನ ನಗೆಚಾಟಿಕೆ ಇಲ್ಲ. ಬೆರಳು ಓಡುತ್ತಿತ್ತು. ನಾವು ಯಾರಾದರೂ ನಡುವೆ ಏನಾದರೂ ಕೇಳಿದರೆ "ಮುಂದ ಹೋಗೂನು, ಮುಂದ ಹೋಗೂನು" ಎನ್ನುತ್ತಿದ್ದರು.

ಮಳೆ ಹಿಡಿಯಿತು. ತಂಪಿಗೆ ಅವನ ಉಸಿರು ಇನ್ನೂ ಕಟ್ಟಿತು. ಒಂದು ಮಧ್ಯಾಹ್ನ ಪುರಾಣ ನಡೆದಾಗಲೇ ಸೊಸೆ ಒಳಗಿನಿಂದ ಬಂದು ನಡುಮನೆಯಲ್ಲಿ ನಿಂತಳು.

"ಅತ್ತಿ, ಇವರ ಉಗರ ನೀಲಿ ಆಗ್ಯಾವ. ಇವತ್ತ ಬಾಗಲಕೋಟಿ ದವಾಖಾನಿಗೆ ಹೋಗೂನು ನಡೀರಿ."

ಕಾಕು ಬೆರಳನ್ನು ಸಾಲಿನ ಮೇಲೆಯೇ ಇಟ್ಟುಕೊಂಡು ತಲೆಯೆತ್ತಿದರು. "ಇನ್ನ ಸ್ವಲ್ಪ ಉಳದೈತಿ ತಂಗಿ. ಮಂಗಲಾ ಆಗಲಿ. ನಡುವ ಬಿಟ್ಟ ಎದ್ರ ಹರಕಿ ಮುರೀತೈತಿ. ಆಂವಗ ಕೆಟ್ಟ ಆಗ್ತೈತಿ."

"ಹಂಗಾದ್ರ ನಾ ಒಬ್ಬಾಕಿನ ಒಯ್ತೇನಿ."

"ನನ್ನ ಮಗ ಆಂವ. ನಾ ಇಲ್ಲದ ಹೆಂಗ ಒಯ್ತಿ? ಸ್ವಲ್ಪ ತಾಳು."

ಒಳಗಿನಿಂದ ಅವನೇ ಅಂದ: "ಆಗಲಿ ಬಿಡ. ಅವ್ವಾಂದು ಮುಗೀಲಿ." ಇಷ್ಟು ಹೇಳಲು ಅವನು ಎರಡು ಸಲ ಉಸಿರಿಗಾಗಿ ನಿಂತ.

ಸೊಸೆ ತಾಳಿದಳು. ಮಂಗಲಕ್ಕೆ ಇನ್ನೂ ಎರಡು ಅಧ್ಯಾಯ ಇರುವಾಗ ಮುಂಜಾನೆ ಅವನ ತುಟಿ ಕಪ್ಪಾಯಿತು. ಆಗ ಯಾರೂ ಸೀಮೆ, ಹರಕೆ ಎನ್ನಲಿಲ್ಲ. ಹುನಗುಂದ ದಾಟುವಾಗ ಕಾಕು ಗಾಡಿಯಲ್ಲಿ ಮಗನ ಎದೆ ತಿಕ್ಕುತ್ತಿದ್ದರು. ನಾನೂ ಇದ್ದೆ. ದವಾಖಾನೆಯ ಡಾಕ್ಟರು ಸಮಾಧಾನದ ಮನುಷ್ಯ. ಕಲ್ಲಿನ ಪುಡಿ ಒಳಗೆ ಗಟ್ಟಿಯಾಗಿದೆ, ಇದಕ್ಕೆ ಗುಣ ಇಲ್ಲ ಎಂದರು. ಸೊಸೆ ಬಿಡಲಿಲ್ಲ, ಮೊದಲೇ ಬಂದಿದ್ದರೆ ಎಂದು ಕೇಳಿದಳು. ಡಾಕ್ಟರು, "ಇನ್ನೊಂದಿಷ್ಟು ದಿನ ಇರ್ತಿದ್ರೇನೋ. ಇಷ್ಟು ತ್ರಾಸ ಇಲ್ಲದ ಹೋಗ್ತಿದ್ರು" ಎಂದರು. ಆ ಮಾತನ್ನು ಸೊಸೆಯೂ ಕೇಳಿದಳು, ಕಾಕುವೂ ಕೇಳಿದರು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮರುದಿನ ಅವನು ಹೋದ.

ಸಾವಾದ ಮನೆಯಲ್ಲಿ ಸೂತಕ. ದೇವರಿಗೆ ದೀಪ ಇಲ್ಲ, ಪೋಥಿ ಮುಟ್ಟುವ ಹಾಗಿಲ್ಲ, ಹೊರಗಿನವರು ಆ ಮನೆಯ ನೀರು ಕುಡಿಯುವುದಿಲ್ಲ. ಸೂತಕ ಕಳೆಯುವ ತನಕ ನಾನು ರೊಟ್ಟಿ, ಪಲ್ಯ ಒಯ್ದು ಕೊಡುತ್ತಿದ್ದೆ. ಕಾಕು ಒಂದು ಗೋಡೆಗೆ, ಸೊಸೆ ಇನ್ನೊಂದು ಗೋಡೆಗೆ. ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಮಧ್ಯಾಹ್ನ ಓಣಿಯ ಹೆಂಗಸರು ಮಾತಾಡಿಸಲು ಬಂದು, ಪುರಾಣಕ್ಕೆ ಕೂರುವ ತಮ್ಮ ತಮ್ಮ ಜಾಗದಲ್ಲೇ ಕೂರುತ್ತಿದ್ದರು. ಮೂಲೆಮನೆಯ ಆಯಿ, ಓಣಿಗೆಲ್ಲ ಹಿರಿಯಳು, ಒಂದು ದಿನ ತಡೆಯಲಾರದೆ ಅಂದಳು: "ಪುರಾಣ ನಡುವ ನಿಂತೈತಿ ನೋಡ್ರಿ. ಓಣಿಗೆ ಚಲೋ ಅಲ್ಲ. ಪೋಥಿ ನಮ್ಮ ಮನಿಗೆ ಕೊಡ್ರಿ, ನಮ್ಮ ಮೊಮ್ಮಗಳು ಓದಿ ಮುಗಸ್ತಾಳ."

ನನಗೆ ಸಿಟ್ಟು ಬಂತು. ಕಾಕುವಿಗೆ ಬರಲಿಲ್ಲ.

"ಪೋಥಿ ಅಲ್ಲೇ ಇರಲಿ ಆಯಿ. ನಾ ಮುಟ್ಟಂಗಿಲ್ಲ. ಬಾಯಿಲೆ ಹೇಳ್ತೇನಿ, ಕೇಳ್ರಿ."

ಹೇಳಲು ಶುರು ಮಾಡಿದರು. ಅಡವಿಯಲ್ಲಿ ನೀರಿಲ್ಲ, ರಾಜ ಒಂದು ಗಿಡದ ಕೆಳಗೆ ಮಲಗಿದ್ದಾನೆ, ಏಳಲೊಲ್ಲ, ರಾಣಿ ತಲೆಯ ಹತ್ತಿರ ಕೂತಿದ್ದಾಳೆ. ಅಷ್ಟು ಹೇಳಿ ಕಾಕು ನಿಂತರು. ನಾವು ಕಾದೆವು. ಅದರ ಮುಂದಿನದು ನಮಗೆಲ್ಲ ಗೊತ್ತಿತ್ತು, ಪ್ರತಿ ವರ್ಷ ಕೇಳಿದ್ದೇ. ದೇವರು ಮುದುಕನ ವೇಷದಲ್ಲಿ ಬರುತ್ತಾನೆ, ರಾಜ ಕಣ್ಣು ತೆರೆಯುತ್ತಾನೆ.

"ಪೋಥ್ಯಾಗ ಮುಂದ ರಾಜಾ ಏಳ್ತಾನ" ಎಂದರು ಕಾಕು. "ನನ್ನ ಬಾಯಾಗ ಅದು ಬರವಲ್ದು."

ಗೋಡೆಯ ಕಡೆಯಿಂದ ಸೊಸೆಯ ದನಿ ಬಂತು. ಗಂಡ ಹೋದ ಮೇಲೆ ಅವಳು ಅತ್ತೆಗೆ ಆಡಿದ ಮೊದಲ ಮಾತು ಅದು. "ಏಳಲಿಲ್ಲಂತ ಹೇಳ್ರಿ."

ಕಾಕು ಅಂದರು, "ಏಳಲಿಲ್ಲ."

"ರಾಣಿ ಬೈದ್ಲು."

"ಯಾರನ್ನ ಬೈದ್ಲು?"

"ಅತ್ತಿನ್ನ ಬೈದ್ಲು. ಪೂಜಾ ಮುಗೀಲಿ, ತಾಳು, ತಾಳು ಅಂತ ಕಾಯಿಸಿದ್ಲಲ್ಲ, ಆಕಿನ್ನ."

ಆಯಿ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಮೊಣಕಾಲು ಹಿಡಿದೆ. ಆ ಕಥೆಯಲ್ಲಿ ಅತ್ತೆ ಎಂಬವಳೇ ಇರಲಿಲ್ಲ.

"ಖರೆ ಬೈದ್ಲು" ಎಂದರು ಕಾಕು. "ಅತ್ತಿ ಸುಮ್ಮ ಇದ್ಲು. ಏನಂತ ಅಂದಾಳು? ಆಕಿ ಪೋಥಿ ಓದಿದ್ಲು, ಮಗನ ಮಾರಿ ಓದಲಿಲ್ಲ."

ಸೊಸೆ ಎದ್ದು ಕೂತಳು. ಕೂದಲು ಕಟ್ಟಿರಲಿಲ್ಲ. ಅತ್ತೆಯನ್ನು ನೇರವಾಗಿ ನೋಡಿ ಕೇಳಿದಳು: "ಮುಂದ?"

"ಮುಂದ ನನಗ ಗೊತ್ತಿಲ್ಲವ್ವ. ನಾನೂ ಅಲ್ಲೇ ಕುಂತೇನಿ."

ಅವಳು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಕ್ಷಮಿಸಿದಳು ಎಂದು ಯಾರೂ ತಿಳಿಯಬಾರದು. ನಾನೂ ತಿಳಿಯಲಿಲ್ಲ.

ಸೂತಕ ಕಳೆದ ಮೇಲೆ ಕಾಕು ಜಗಲಿ ತೊಳೆದು ಪೋಥಿ ತೆಗೆದರು. ಮುಂದಿನ ಶ್ರಾವಣದ ತನಕ ಕಾಯಲಿಲ್ಲ. ಹರಕೆ ಇಲ್ಲ, ಮಂಗಲದ ಲೆಕ್ಕ ಇಲ್ಲ, ಮೊದಲ ಪುಟದಿಂದ ಓದತೊಡಗಿದರು. "ಮಂಗಲಾ ಎಂದ?" ಎಂದು ಆಯಿ ಕೇಳಿದರೆ, "ನಾ ದೇವರ ಜೋಡಿ ವ್ಯಾಪಾರಾ ಮಾಡಿದ್ದೆ ಆಯಿ. ಅಂಗಡಿ ಮುಚ್ಚೈತಿ. ಇನ್ನ ಸುಮ್ಕ ಓದೂದು" ಎಂದರು. ಆಯಿ ಅಂದಿನಿಂದ ಬರುವುದು ಬಿಟ್ಟಳು. ಅವಳ ಹಿಂದೆ ಇನ್ನೂ ಕೆಲವರು ಬಿಟ್ಟರು. ಮಗನನ್ನು ತಿಂದ ಪುರಾಣ ಎಂದು ಬಾವಿಕಟ್ಟೆಯ ಹತ್ತಿರ ಮಾತು ಆಗುತ್ತಿತ್ತು. ಅದು ಅವರ ಕಿವಿಗೂ ಬಿದ್ದಿತ್ತು.

ಈಗ ಅವರ ಬೆರಳು ಓಡುತ್ತಿರಲಿಲ್ಲ. ಒಂದೇ ಸಾಲಿನ ಮೇಲೆ ಎರಡು ದಿನ ನಿಂತದ್ದೂ ಉಂಟು. ಓದಿ, ಕಣ್ಣು ಮುಚ್ಚಿ, ಅದು ತನ್ನೊಳಗೆ ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಿಕ್ಕರೆ ಮುಂದಿನ ಸಾಲು, ಇಲ್ಲದಿದ್ದರೆ ಇಲ್ಲ. ಒಂದು ದಿನ ನನಗೆ ಹೇಳಿದರು: "ಅಡವಿ ಅಂತ ಬರದಾರ. ನಾ ಇಷ್ಟ ವರ್ಷ ಗಿಡಾ, ಮುಳ್ಳು ಅಂತ ತಿಳದಿದ್ದೆ. ತಂಗಿ, ನಮ್ಮ ಅಡಗಿಮನ್ಯಾಗ ಕುಂತಾಗ ಯಾವ ಕಡೆ ಹೊಳ್ಳಬೇಕು ತಿಳೀವಲ್ದು ನೋಡು, ಅದ ಅಡವಿ." ಇನ್ನೊಂದು ದಿನ: "ರಾಜ್ಯಾ ಹೋತು ಅಂತ ಬರದಾರ. ಹೋದ ಮ್ಯಾಲೂ ಆಂವಗ ರಾಜಾ ಅಂತನ ಕರದಾರ. ಹಂಗಾದ್ರ ಆ ರಾಜ್ಯಾ ಎಲ್ಲಿತ್ತು?" ನಾನು ಜೋಳ ಕೇರುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಅವರ ಮುಖ ಬತ್ತಿ ಹೋಗಿತ್ತು, ಕೊರಳಿನ ಎಲುಬು ಕಾಣುತ್ತಿತ್ತು. ಆದರೂ ಆ ಪ್ರಶ್ನೆ ಕೇಳುವಾಗ, ಹಬ್ಬಕ್ಕೆ ಮಾಡಿದ್ದನ್ನು ಮುಚ್ಚಿಟ್ಟು ಯಾರಿಗೆ ಬಡಿಸಲಿ ಎಂದು ನೋಡುವವರ ಹಾಗೆ ಇದ್ದರು.

ಇದನ್ನು ಸುಖ ಎನ್ನಲಾರೆ. ಮಗನ ಹೆಸರು ಬಂದರೆ ಪೋಥಿ ಮುಚ್ಚಿಬಿಡುತ್ತಿದ್ದರು, ಕೊನೆಯ ತನಕ.

ಅದೇ ದಿನಗಳಲ್ಲಿ ನನ್ನ ಮನೆಯಲ್ಲೂ ಒಂದು ಕೆಡುಕು ಆಯಿತು. ಅದು ಇಲ್ಲಿ ಬರೆಯುವಂಥದ್ದಲ್ಲ. ಒಂದು ಮಧ್ಯಾಹ್ನ ಮೊರ ಹಿಡಿದು ಅವರ ಮನೆಗೆ ಹೋದವಳು ಕೂರಲಾರದೆ ಹೊಸ್ತಿಲಲ್ಲೇ ನಿಂತೆ. ಕಾಕು ಪೋಥಿ ಮುಚ್ಚಿದರು. ಏನಾಯಿತು ಎಂದು ಕೇಳಲಿಲ್ಲ. "ಇವತ್ತ ಪುರಾಣ ನಿಂದು. ಬಾ, ಕುಂದರು" ಎಂದರು. ಸಂಜೆ ದೀಪ ಹಚ್ಚುವ ತನಕ ನಾನು ಅಳುತ್ತಿದ್ದೆ, ಅವರು ರಾಟಿ ತಿರುಗಿಸುತ್ತ ಇದ್ದರು. ನಾನು ಎದ್ದು ಹೋಗುವಾಗ ಅವರು ಎದೆಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು: "ಇಲ್ಲಿ ನೀರು ಐತಿ ಅಂತ ಪೋಥ್ಯಾಗ ಬರದಾರ. ನಾ ಇನ್ನೂ ಅಗ್ಯಾಕತ್ತೇನಿ. ಹಸಿಮಣ್ಣು ಹತ್ತೈತಿ." ಆ ವರ್ಷ ನಾನು ಉಳಿದದ್ದು ಆ ಮಾತಿನಿಂದ. ಈ ಋಣ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದರು.

ಸೊಸೆ ಆ ಮನೆಯಲ್ಲೇ ಇದ್ದಳು. ಕಂಡಿಕೆ ಸುತ್ತುವುದು ಕಲಿತಳು. ಅತ್ತೆಗೆ ಊಟ ಬಡಿಸುತ್ತಿದ್ದಳು, ತಾಟು ಇಟ್ಟು ಒಳಗೆ ಹೋಗುತ್ತಿದ್ದಳು. ಬೇಕು, ಬೇಡ, ನಳ ಬಂತು, ಇಷ್ಟೇ ಮಾತು. ಮಧ್ಯಾಹ್ನ ಪೋಥಿ ಬಿಚ್ಚಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಕಾಕು ಕರೆಯಲಿಲ್ಲ. ಆದರೆ ದನಿ ಸ್ವಲ್ಪ ಎತ್ತರಿಸಿ ಓದುತ್ತಿದ್ದರು. ಗೋಡೆಯ ಈ ಕಡೆ ಇರುವ ನನಗೇ ಕೇಳುತ್ತಿತ್ತೆಂದರೆ ಅಡುಗೆಮನೆಗೆ ಕೇಳದೆ ಇರುತ್ತದೆಯೇ?

ಮರುವರ್ಷ ಅವಳ ಅಣ್ಣ ಬಂದ. ಕಲಾದಗಿಯ ಹತ್ತಿರ ಚಿಕ್ಕು ತೋಟ ನೋಡಿಕೊಳ್ಳುವ ಒಬ್ಬರಿದ್ದಾರೆ, ಹೆಂಡತಿ ತೀರಿದ್ದಾಳೆ, ಉಡಕಿ ಮಾಡಿಕೊಡುತ್ತೇವೆ ಎಂದ. ವಿಧವೆಗೆ ಇನ್ನೊಂದು ಮದುವೆ ಮಾಡಿಕೊಡುವುದಕ್ಕೆ ನಮ್ಮ ಕಡೆ ಉಡಕಿ ಎನ್ನುತ್ತಾರೆ. ವಾದ್ಯ, ಹಂದರ ಇರುವುದಿಲ್ಲ. ಸುದ್ದಿ ಓಣಿಗೆ ಹಬ್ಬಿತು. ಪುರಾಣ ಬಿಟ್ಟಿದ್ದ ಆಯಿ ತಾನಾಗಿ ಬಂದಳು.

"ಹುಚ್ಚಿ, ಹೂಂ ಅನಬ್ಯಾಡ. ಆಕಿ ಹೋದ್ರ ನಿನಗ ಒಂದ ಗುಟುಕು ನೀರ ಕೊಡಾವ್ರು ಯಾರ?"

"ಆಯಿ, ನಾ ಒಮ್ಮೆ ತಾಳು ಅಂದೇನಿ ಆಕಿಗೆ. ಇನ್ನೊಮ್ಮೆ ಅನ್ನೂದಿಲ್ಲ."

ಹೊರಡುವ ದಿನ ಸೊಸೆಯ ಉಡಿ ತುಂಬಬೇಕಿತ್ತು. ಗಂಡ ಇಲ್ಲದವರು ತುಂಬುವ ಹಾಗಿಲ್ಲ. ಕಾಕು ತಟ್ಟೆ ಹಿಡಿದು ನನ್ನ ಪಕ್ಕ ನಿಂತರು; ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಒಂದೊಂದಾಗಿ ಅವರು ನನ್ನ ಕೈಗೆ ಕೊಟ್ಟರು, ನಾನು ಅವಳ ಸೆರಗಿಗೆ ಹಾಕಿದೆ. ಅವಳು ನನ್ನ ಕಾಲು ಮುಟ್ಟಿದಳು. ಅತ್ತೆಯ ಕಾಲು ಮುಟ್ಟಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನಾನು ಸುಮ್ಮನಿರಲಾರದೆ, "ಇಷ್ಟಾದ್ರೂ ಸಿಟ್ಟು ಬಿಡಲಿಲ್ಲ ನೋಡ್ರಿ ಕಾಕು" ಎಂದೆ.

"ಆ ಸಿಟ್ಟು ಆಕೀದು. ಜೋಡಿ ಒಯ್ಯಲಿ. ಬಿಟ್ಟ ಹೋಗು ಅಂತ ನಾ ಹೆಂಗ ಕೇಳ್ಲಿ?"

ಆಮೇಲೆ ಅವರು ಒಬ್ಬರೇ. ಮುಂಜಾನೆ ಎರಡು ರೊಟ್ಟಿ ನನ್ನ ಮನೆಯಿಂದ ಹೋಗುತ್ತಿದ್ದವು. ಕಣ್ಣು ಮಂಜಾದವು, ನೂಲು ಹರಿದರೆ ತುದಿ ಸಿಗದು, ಕಂಡಿಕೆ ಕೆಲಸ ಬಿಟ್ಟರು. ಪೋಥಿ ತೆರೆದು ಮುಂದೆ ಇಟ್ಟುಕೊಂಡು ಓದದೆ ಕೂರುತ್ತಿದ್ದರು. ಯಾರೋ ಬಂದವರು ಮರುಕದಿಂದ, "ಪಾಪ, ನಿಮಗ ಏನೂ ಉಳೀಲಿಲ್ಲ" ಎಂದಾಗ ಕಾಕು, "ಹಂಗ ಅನಬ್ಯಾಡ್ರಿ. ಇಡಾಕ ಜಾಗಾ ಸಾಲವಲ್ದು" ಎಂದರು. ಬಂದವರಿಗೆ ಇವರ ತಲೆ ಕೆಟ್ಟಿದೆ ಎನ್ನಿಸಿತು. ನಾನು ಪಕ್ಕದಲ್ಲೇ ಇದ್ದೆ. ಅವರು ಚಾಷ್ಟಿಗೆ ಹೇಳಿರಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ರೊಟ್ಟಿ ಒಯ್ದೆ. ಬಾಗಿಲು ತೆರೆದೇ ಇತ್ತು. ಕಾಕು ಗೋಡೆಗೆ ಒರಗಿ ಕೂತಿದ್ದರು, ಮೈ ತಣ್ಣಗಾಗಿತ್ತು.

ಹುನಗುಂದದಿಂದ ಕಾಕುವಿನ ಮೈದುನನ ಮಕ್ಕಳು ಬಂದು ಮುಂದಿನದನ್ನು ನಡೆಸಿದರು. ನಾನು ಕಲಾದಗಿಗೆ ಫೋನು ಮಾಡಿದ್ದೆ. ಸೊಸೆ ಬರುತ್ತಾಳೆ ಎಂಬ ನಂಬಿಕೆ ನನಗಿರಲಿಲ್ಲ. ಹೆಣ ಎತ್ತುವ ಮೊದಲು ಬಂದಳು. ಅಳಲಿಲ್ಲ. ಅತ್ತೆಯ ಕೆದರಿದ ಕೂದಲನ್ನು ಕೈಯಿಂದಲೇ ಬಾಚಿ ಗಂಟು ಹಾಕಿದಳು. ಎಲ್ಲ ಮುಗಿದು ಮಂದಿ ಜಳಕ ಮಾಡಿ ಚದುರಿದರು. ಅವಳು ಮಾತ್ರ ನಡುಮನೆಯಲ್ಲಿ ಬರಿ ನೆಲದ ಮೇಲೆ ಕೂತಳು.

ಆಯಿ ಬಾಗಿಲಲ್ಲಿ ನಿಂತು ತಿಳಿಸಿ ಹೇಳಿದಳು: "ನಿನಗ ಈ ಮನಿ ಸೂತಕ ಇಲ್ಲವ್ವ. ಉಡಕಿ ಆದಾಕಿ ನೀ, ಬ್ಯಾರೆ ಮನಿ ಸೇರೀದಿ. ಜಳಕಾ ಮಾಡು, ಹೊತ್ತ ಇರೂದ್ರಾಗ ಬಸ್ ಹಿಡಿ."

"ನನಗ ಐತಿ ಆಯಿ."

"ಯಾರ ಹೇಳಿದ್ರು ನಿನಗ?"

"ಯಾರ ಯಾಕ ಹೇಳಬೇಕು? ನಮ್ಮತ್ತಿ ಸತ್ತಾಳ."

ಎರಡು ದಿನ ಬಿಟ್ಟು ಅವಳ ಗಂಡ ಕರೆಯಲು ಬಂದ. ಮೆತ್ತಗಿನ ಮನುಷ್ಯ. ಬಾಗಿಲ ಹೊರಗೆ ಕಟ್ಟೆಯ ಹತ್ತಿರ ನಿಂತು, ಯಾವಾಗ ಬರುತ್ತೀ ಎಂದು ಕೇಳಿದ. "ಸೂತಕ ಕಳದ ಮ್ಯಾಲ" ಎಂದಳು ಒಳಗಿನಿಂದ. ಬಿಸಿಲು ಉರಿಯುತ್ತಿತ್ತು. ಅವನು ಸ್ವಲ್ಪ ಹೊತ್ತು ಬೀದಿ ನೋಡಿದ, ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತ. ಸೂತಕದ ಮನೆಯ ನೀರು ಅವನಿಗೆ ನಡೆಯದೆಂದು ನಾನು ನಮ್ಮ ಮನೆಯಿಂದ ಚರಿಗೆಯಲ್ಲಿ ನೀರು ತಂದು ಮುಂದೆ ಹಿಡಿದೆ.

"ಇರಲಿ ಬಿಡ್ರಿ ಅಕ್ಕಾರ" ಎಂದ. ಆಮೇಲೆ ಒಳಗೆ ತಿರುಗಿ, "ಏ, ಸ್ವಲ್ಪ ನೀರ ಕೊಡ" ಎಂದ.

ಅವಳು ಎದ್ದು ಒಳಗೆ ಹೋಗಿ, ಕಾಕುವಿನ ಕೊಡದಿಂದ ತಂಬಿಗೆ ತುಂಬಿ ತಂದು ಕೊಟ್ಟಳು. ಅವನು ತುಟಿ ಹಚ್ಚಿ, ನಿಲ್ಲಿಸದೆ ಕುಡಿದ.